ಸಂಗ್ಯಾ–ಬಾಳ್ಯಾ: ಒಂದು ಹೆಸರಿನ ಹಿಂದಿನ ಕಥೆ

ನಾಡಿನ ಹಳೆಯ ಹಾಡುಗಳು ಈಚೆಗೆ ಹೊಸ ವೇಷ ತೊಟ್ಟು ಸಂಚಾರ ಹೊರಟಿವೆ. ರಘು ದೀಕ್ಷಿತ್ ಅವರು 2008ರಲ್ಲಿ ಹೊರತಂದ ಧ್ವನಿಸಂಪುಟದಲ್ಲಿ ಶಿಶುನಾಳ ಶರೀಫರ ತತ್ವಪದವು ಗಿಟಾರಿನ ನಾದದೊಡನೆ ಕೇಳಿಬಂದಿತು. ಇದು ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಹಾಡು ಊರು ಬಿಟ್ಟು ದೂರ ನಡೆದಂತೆಲ್ಲ ಅದರ ಕಥೆ ಊರಿನಲ್ಲಿಯೇ ಉಳಿದು, ಹೆಸರೊಂದೇ ಮುಂದೆ ಹೋಗುವುದುಂಟು. ಬೈಲಹೊಂಗಲದ ‘ಸಂಗ್ಯಾ–ಬಾಳ್ಯಾ’ ಅಂಥದೊಂದು ಹೆಸರು.

ಕಥೆ ಸರಳವಾದುದು. ಸಂಗ್ಯಾ ಸಿರಿವಂತ ತರುಣ. ಬಾಳ್ಯಾ ಅವನ ಪ್ರಾಣಮಿತ್ರ. ವ್ಯಾಪಾರಿ ಈರಣ್ಣನ ಮಡದಿ ಗಂಗಾಳನ್ನು ಕಂಡು ಸಂಗ್ಯಾ ಮರುಳಾಗುತ್ತಾನೆ. ಗಂಗಾ ಮೊದಲು ಒಪ್ಪುವುದಿಲ್ಲ. ಪಾರಮ್ಮನೆಂಬ ಮುದುಕಿಯ ಮಾತುಗಳು ಅವಳನ್ನು ಸಡಿಲಿಸುತ್ತವೆ. ಗುಟ್ಟು ಬಯಲಾದ ಮೇಲೆ ಈರಣ್ಣ ಮತ್ತು ಅವನ ಸೋದರರು ಹಗೆ ತೀರಿಸಿಕೊಳ್ಳಲು ನಿಲ್ಲುತ್ತಾರೆ. ಆಗ ಸಂಗ್ಯಾನನ್ನು ಅವರ ಕೈಗೆ ಒಪ್ಪಿಸುವವನು ಬೇರಾರೂ ಅಲ್ಲ, ಬಾಳ್ಯಾ.

ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟನು 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಈ ಲಾವಣಿಯೂ ಇದೆ. ಅವನು ಇಟ್ಟ ತಲೆಬರಹದ ಅರ್ಥ ‘ಸಂಗ್ಯಾನ ಅಪರಾಧ ಮತ್ತು ಮರಣ’ ಎಂದು. ಅಲ್ಲಿ ಬಾಳ್ಯಾನ ಹೆಸರಿಲ್ಲ. ಅಧಿಕಾರಿಯ ಕಣ್ಣಿಗೆ ಇದೊಂದು ತಪ್ಪು, ಅದಕ್ಕೊಂದು ಶಿಕ್ಷೆ.

ನಮ್ಮ ಜನ ಹಾಗೆ ಕಾಣಲಿಲ್ಲ. ಪತ್ತಾರ ಮಾಸ್ತರರ ಹೆಸರಿನೊಡನೆ ಬೆಸೆದುಕೊಂಡಿರುವ ಸಣ್ಣಾಟವು ಇಬ್ಬರನ್ನೂ ಒಂದೇ ಉಸಿರಿನಲ್ಲಿ ಕೂಗಿತು. ದೊಡ್ಡಾಟದಲ್ಲಿ ಪುರಾಣದ ವೀರರು ಕುಣಿದರೆ, ಸಣ್ಣಾಟದಲ್ಲಿ ನೆರೆಮನೆಯವರೇ ಆಡುಮಾತಿನಲ್ಲಿ ಹಾಡುತ್ತಾರೆ. ಅಲ್ಲಿ ಪರಸ್ತ್ರೀಮೋಹಕ್ಕಿಂತ ದೊಡ್ಡ ಪಾತಕವಾಗಿ ತೋರುವುದು ಮಿತ್ರದ್ರೋಹ. ಕೊಂದವರಿಗೆ ಮಾನಭಂಗದ ಸಿಟ್ಟಾದರೂ ಇತ್ತು; ಬಾಳ್ಯಾನಿಗೆ ಏನಿತ್ತು? ಈ ಪ್ರಶ್ನೆಯನ್ನು ಶೀರ್ಷಿಕೆಯೇ ಎತ್ತುತ್ತದೆ. ಚಂದ್ರಶೇಖರ ಕಂಬಾರರು 1975ರಲ್ಲಿ ತಮ್ಮ ನಾಟಕಕ್ಕೆ ‘ಸಂಗ್ಯಾಬಾಳ್ಯಾ ಅನಬ್ಯಾಡ ನಾಡೊಳಗ’ ಎಂದು ಹೆಸರಿಟ್ಟರು. ನಾಡಿನಲ್ಲಿ ಆಡಬಾರದ ಮಾತೆಂಬಷ್ಟು ಭಾರ ಆ ಜೋಡಿಹೆಸರಿಗೆ ಬಂದಿತ್ತು.

ಈ ನೆಲಕ್ಕೆ ದ್ರೋಹದ ನೋವು ಹೊಸದಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಸೆರೆಯಲ್ಲಿಯೇ ಕೊನೆಯುಸಿರೆಳೆದದ್ದು ಬೈಲಹೊಂಗಲದಲ್ಲಿ. ಅವಳ ಬಂಟ ಸಂಗೊಳ್ಳಿ ರಾಯಣ್ಣ ತನ್ನವರ ಮೋಸದಿಂದಲೇ ಸೆರೆಸಿಕ್ಕು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಆ ಕಥೆಯನ್ನೂ ಲಾವಣಿಕಾರರು ಹಾಡಿದರು. ಅಲ್ಲಿ ನಾಡಿಗೆ ಬಗೆದ ದ್ರೋಹ, ಇಲ್ಲಿ ಗೆಳೆತನಕ್ಕೆ ಬಗೆದ ದ್ರೋಹ. ಎರಡನ್ನೂ ಕೇಳಿದವರು ಒಂದೇ ಸೀಮೆಯ ಜನ.

ಒಂದು ಮಾತು ಉಳಿಯಿತು. ಮೊದಲು ‘ಬೇಡ’ ಎಂದ ಗಂಗಾಳಿಗೆ ಶೀರ್ಷಿಕೆಯಲ್ಲಿ ಎಡೆಯಿಲ್ಲ. ಇಬ್ಬರು ಗಂಡಸರ ಗೆಳೆತನ ಕಥೆಯಾಯಿತು. ಆಕೆ ಅದಕ್ಕೆ ನೆಪವಾದಳು. ನಾಳೆ ಯಾವ ತರುಣ ತಂಡವಾದರೂ ಈ ಪದಗಳನ್ನು ಹೊಸ ವಾದ್ಯಗಳಿಗೆ ಅಳವಡಿಸುವುದಾದರೆ ಧಾಟಿಯನ್ನಷ್ಟೇ ಕೊಂಡೊಯ್ಯದೆ, ಆಕೆಯ ‘ಬೇಡ’ ಎಂಬ ಮಾತನ್ನೂ ಕೇಳಿಸಲಿ.