ತೊಳೆದರೆ ಹೋಗದ ಕಲೆ

ಷೇಕ್ಸ್‌ಪಿಯರ್ ಮಹಾಕವಿಯ ‘ಮ್ಯಾಕ್‌ಬೆತ್’ ನಾಟಕವು ರಚಿತವಾದುದು 1606ರ ಸುಮಾರಿಗೆ, ಅಚ್ಚಾದುದು 1623ರಲ್ಲಿ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಎಂ. ಎಲ್. ಶ್ರೀಕಂಠೇಶಗೌಡರು 1895ರಲ್ಲಿಯೇ ಇದನ್ನು ‘ಪ್ರತಾಪರುದ್ರದೇವ’ ಎಂಬ ರೂಪದಲ್ಲಿ ಕನ್ನಡಕ್ಕೆ ತಂದರು, 1936ರಲ್ಲಿ ಡಿ.ವಿ.ಜಿ.ಯವರ ಅನುವಾದ ಬಂದಿತು. ರಾಜ್ಯಲೋಭದಿಂದ, ಮನೆಗೆ ಅತಿಥಿಯಾಗಿ ಬಂದ ದೊರೆಯನ್ನೇ ಕೊಂದ ಗಂಡ, ಆ ಕೊಲೆಗೆ ಅವನನ್ನು ಹುರಿದುಂಬಿಸಿದ ಹೆಂಡತಿ, ಇವರಿಬ್ಬರ ಕಥೆಯಿದು. ಇದರ ಐದನೆಯ ಅಂಕದ ಮೊದಲ ದೃಶ್ಯದಲ್ಲಿ ರಾಣಿಯು ನಿದ್ರೆಯಲ್ಲಿಯೇ ಎದ್ದು ನಡೆದು, ಕೈಯಲ್ಲಿಲ್ಲದ ರಕ್ತದ ಕಲೆಯನ್ನು ಮತ್ತೆ ಮತ್ತೆ ಉಜ್ಜಿ ತೊಳೆಯುತ್ತಾಳೆ. ಸಾಹಿತ್ಯರಸಿಕರು ಈ ದೃಶ್ಯವನ್ನು ನಾನಾ ಬಗೆಯಾಗಿ ವಿವರಿಸಿದ್ದಾರೆ. ವಿಜ್ಞಾನದ ವಿದ್ಯಾರ್ಥಿಯೂ ಇಲ್ಲಿ ಕಲಿಯತಕ್ಕ ಸಂಗತಿಗಳುಂಟು.

ಮೊದಲನೆಯದಾಗಿ ಅಲ್ಲಿರುವ ವೈದ್ಯನನ್ನು ನೋಡೋಣ. ದಾಸಿಯ ಮಾತನ್ನು ಕೇಳಿದೊಡನೆ ಅವನು ನಂಬುವುದಿಲ್ಲ. ಎರಡು ರಾತ್ರಿ ಕಾದಿದ್ದರೂ ಏನನ್ನೂ ಕಾಣಲಿಲ್ಲವೆಂದು ಹೇಳಿ, ಮತ್ತೊಮ್ಮೆ ಕಾಯುತ್ತಾನೆ. ರಾಣಿ ಮಾತನಾಡತೊಡಗಿದಾಗ, ನೆನಪನ್ನು ನೆಚ್ಚಿಕೊಳ್ಳದೆ ಅವಳ ನುಡಿಗಳನ್ನು ಬರೆದುಕೊಳ್ಳುತ್ತಾನೆ. ಪ್ರತ್ಯಕ್ಷ ವೀಕ್ಷಣೆ, ಪುನರಾವರ್ತನೆ, ದಾಖಲೆ: ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಇವನ್ನೇ ಅಲ್ಲವೆ? ಕೊನೆಗೆ ಅವನು, ಈ ರೋಗ ತನ್ನ ವಿದ್ಯೆಗೆ ಮೀರಿದುದೆಂದು ಒಪ್ಪಿ, ಇವಳಿಗೆ ಬೇಕಾದುದು ವೈದ್ಯನಿಗಿಂತ ಹೆಚ್ಚಾಗಿ ದೈವದ ನೆರವೆನ್ನುತ್ತಾನೆ.

ನಿದ್ರೆಯಲ್ಲಿ ನಡೆಯುವುದು ನಿಜವಾದ ವಿದ್ಯಮಾನವೇ. ಇದು ಕನಸಿನ ಅಭಿನಯವೆಂದು ಹಿಂದೆ ಭಾವಿಸಲಾಗಿತ್ತು. ಆದರೆ 1965ರಲ್ಲಿ, ಮಲಗಿರುವವರ ಮಿದುಳಿನ ವಿದ್ಯುತ್ ಅಲೆಗಳನ್ನು ರಾತ್ರಿಯಿಡೀ ದಾಖಲಿಸಿದ ಸಂಶೋಧಕರು, ನಡಿಗೆಯು ಕನಸಿನ ಹಂತದಲ್ಲಲ್ಲದೆ ಮಂದಗತಿಯ ಅಲೆಗಳ ಗಾಢನಿದ್ರೆಯಲ್ಲಿ ಆರಂಭವಾಗುವುದೆಂದು ತೋರಿಸಿಕೊಟ್ಟರು. ಮಿದುಳಿನ ಒಂದು ಭಾಗ ಎಚ್ಚೆತ್ತರೂ ಮತ್ತೊಂದು ಭಾಗ ನಿದ್ರಿಸುತ್ತಿರುತ್ತದೆ. ಕಣ್ಣು ತೆರೆದಿದ್ದರೂ ಅರಿವು ಮುಚ್ಚಿರುತ್ತದೆಂದು ನಾಟಕದ ಪಾತ್ರಗಳು ಗುರುತಿಸುವ ಲಕ್ಷಣವು ಇದಕ್ಕೆ ಒಪ್ಪುತ್ತದೆ. ಕೊಲೆಯ ವೃತ್ತಾಂತವನ್ನು ಇಷ್ಟು ವಿವರವಾಗಿ ಆಡಿ ತೋರಿಸುವುದು ಮಾತ್ರ ಕವಿಯ ಕಲ್ಪನೆಗೆ ಸೇರಿದುದು.

ಇನ್ನು ಆ ಕಲೆಯ ವಿಚಾರ. ರಕ್ತಕ್ಕೆ ಕೆಂಪುಬಣ್ಣವನ್ನು ಕೊಡುವುದು ಹಿಮೋಗ್ಲೋಬಿನ್ ಎಂಬ ಸಸಾರಜನಕ ವಸ್ತು. ಅದರ ಪ್ರತಿಯೊಂದು ಅಣುವಿನಲ್ಲಿಯೂ ಕಬ್ಬಿಣದ 4 ಪರಮಾಣುಗಳಿವೆ. ಹಸಿಯಾದ ರಕ್ತವನ್ನು ತಣ್ಣೀರು ಸುಲಭವಾಗಿ ತೊಳೆಯುತ್ತದೆ. ಬಿಸಿನೀರು ಸಸಾರಜನಕವನ್ನು ಹೆಪ್ಪುಗಟ್ಟಿಸಿ ಕಲೆಯನ್ನು ಬಟ್ಟೆಯಲ್ಲಿ ಭದ್ರಪಡಿಸುತ್ತದೆ. ಕಣ್ಣಿಗೆ ಕಾಣದಂತೆ ತೊಳೆದ ಮೇಲೂ ಕುರುಹು ಉಳಿಯಬಹುದು. ಲ್ಯುಮಿನಾಲ್ ಎಂಬ ವಸ್ತುವನ್ನು ಹೈಡ್ರೊಜನ್ ಪೆರಾಕ್ಸೈಡಿನೊಡನೆ ಸಿಂಪಡಿಸಿದರೆ, ರಕ್ತದ ಕಬ್ಬಿಣವು ಅವುಗಳ ಕ್ರಿಯೆಯನ್ನು ಪ್ರಚೋದಿಸಿ ಕತ್ತಲೆಯಲ್ಲಿ ನೀಲಿ ಬೆಳಕನ್ನು ಹೊಮ್ಮಿಸುತ್ತದೆ. 1937ರಲ್ಲಿ ಜರ್ಮನಿಯ ವಾಲ್ಟರ್ ಸ್ಪೆಕ್ಟ್ ಇದನ್ನು ಅಪರಾಧ ಪರಿಶೋಧನೆಗೆ ಬಳಸುವ ಮಾರ್ಗವನ್ನು ತೋರಿಸಿದನು. ಚಲುವೆ ಪುಡಿಯೂ ಇಂತಹ ಬೆಳಕನ್ನು ಬರಿಸಬಲ್ಲದಾದುದರಿಂದ ಈ ಪರೀಕ್ಷೆಯೊಂದೇ ಸಾಕ್ಷ್ಯಕ್ಕೆ ಸಾಲದು.

ಕೊಲೆಯಾದ ರಾತ್ರಿ ಗಂಡಹೆಂಡಿರ ಅಭಿಪ್ರಾಯಗಳು ಬೇರೆಬೇರೆ. ತುಸು ನೀರಿನಿಂದ ಎಲ್ಲವೂ ಹೋಗುವುದೆಂದು ಹೆಂಡತಿ; ಸಮುದ್ರವೇ ಸಾಲದು, ತನ್ನ ಕೈಯೇ ಸಮುದ್ರವನ್ನು ಕೆಂಪಾಗಿಸೀತೆಂದು ಗಂಡ. ಭೌತವಿಜ್ಞಾನವು ಯಾರ ಪಕ್ಷ? ಲೆಕ್ಕ ಮಾಡಿ ನೋಡೋಣ. ಒಂದು ಹನಿ ರಕ್ತವೆಂದರೆ ಒಂದು ಮಿಲಿಲೀಟರಿನ 20ನೆಯ ಒಂದು ಪಾಲು. ಅದರಲ್ಲಿ ಸುಮಾರು 7.5 ಮಿಲಿಗ್ರಾಂ ಹಿಮೋಗ್ಲೋಬಿನ್, ಅಂದರೆ ಸುಮಾರು 70 ಸಾವಿರ ಲಕ್ಷ ಕೋಟಿ ಅಣುಗಳು! ಶ್ರೀರಾಮನಗರದ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಜಲಾಶಯವನ್ನು ತೆಗೆದುಕೊಳ್ಳೋಣ. 1953ರಲ್ಲಿ 133 ಟಿ.ಎಂ.ಸಿ. ಇದ್ದ ಅದರ ಧಾರಣಶಕ್ತಿಯು ಹೂಳಿನಿಂದಾಗಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ, ಎಂದರೆ ಸುಮಾರು 3 ಲಕ್ಷ ಕೋಟಿ ಲೀಟರು. ತುಂಬಿದ ಜಲಾಶಯಕ್ಕೆ ಆ ಒಂದು ಹನಿಯನ್ನು ಹಾಕಿ ಸಮವಾಗಿ ಕಲಕಿದೆವೆಂದು ಭಾವಿಸಿದರೆ, ಪ್ರತಿ ಲೀಟರಿಗೆ ಸುಮಾರು 23 ಸಾವಿರ ಅಣುಗಳು ಬರುತ್ತವೆ. ಕಾಲುವೆಯಿಂದ ಎಲ್ಲಿ ಒಂದು ಬೊಗಸೆ ನೀರೆತ್ತಿದರೂ ಆ ಹನಿಯ ಅಂಶ ಅಲ್ಲಿರುತ್ತದೆ!

ಸಾಗರಗಳ ನೀರೆಲ್ಲ ಸುಮಾರು 133 ಕೋಟಿ ಘನ ಕಿಲೋಮೀಟರು. ಅಷ್ಟರಲ್ಲಿ ಆ ಹನಿಯನ್ನು ಹರಡಿದರೆ 19 ಸಾವಿರ ಲೀಟರಿಗೆ ಒಂದು ಅಣುವಾಗುತ್ತದೆ. ಕೊಲೆಯಾದವನ ದೇಹದ 5 ಲೀಟರು ರಕ್ತವೆಲ್ಲವನ್ನೂ ಬೆರೆಸಿದರೆ, ಪ್ರತಿ ಲೀಟರಿಗೆ ಸುಮಾರು 5 ಅಣುಗಳು. ಹಿಮೋಗ್ಲೋಬಿನ್ ಅಣು ನೀರಿನಲ್ಲಿ ಬಹುಕಾಲ ಉಳಿಯದೆಂಬುದು ನಿಜ. ಆದರೆ ಅದರ ಕಬ್ಬಿಣದ ಪರಮಾಣುಗಳು ಅಳಿಯುವುದಿಲ್ಲ. ಒಂದು ಬಕೆಟ್ಟು ನೀರಿನಲ್ಲಿಯೇ ಒಂದು ಹನಿಯ ಬಣ್ಣ ಕಣ್ಣಿಗೆ ಕಾಣದೆ ಹೋಗುವುದರಿಂದ ಹೆಂಡತಿಯ ಮಾತು ಸತ್ಯ. ಅಂಶವು ಸಮುದ್ರದಲ್ಲಿಯೂ ನಾಶವಾಗದಿರುವುದರಿಂದ ಗಂಡನ ಮಾತಿನಲ್ಲಿಯೂ ಸತ್ಯಾಂಶವುಂಟು.

ಹಾಗಾದರೆ ಕೈ ತೊಳೆಯುವುದರಿಂದ ಮನಸ್ಸಿನ ಭಾರವಾದರೂ ಇಳಿಯುವುದೆ? 2006ರಲ್ಲಿ ಜೋಂಗ್ ಮತ್ತು ಲಿಲ್ಯೆನ್ಕ್ವಿಸ್ಟ್ ಎಂಬ ಮನೋವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ತಾವು ಮಾಡಿದ ತಪ್ಪೊಂದನ್ನು ನೆನೆದವರಲ್ಲಿ, ಕೈ ಒರಸಿಕೊಳ್ಳದವರ ಪೈಕಿ ಶೇಕಡಾ 74 ಮಂದಿ ಇನ್ನೊಬ್ಬರಿಗೆ ನೆರವಾಗಲು ಮುಂದೆ ಬಂದರು; ಒರಸಿಕೊಂಡವರ ಪೈಕಿ ಶೇಕಡಾ 41 ಮಂದಿ ಮಾತ್ರ. ಇದಕ್ಕೆ ‘ಮ್ಯಾಕ್‌ಬೆತ್ ಪರಿಣಾಮ’ವೆಂದು ಹೆಸರಾಯಿತು. ಆದರೆ ವಿಜ್ಞಾನದಲ್ಲಿ ಒಂದು ಸಲ ಕಂಡುದು ಸಾಲದು. ಇದೇ ಪ್ರಯೋಗಮಾಲೆಯ ಬೇರೊಂದು ಭಾಗವನ್ನು ಹೆಚ್ಚು ಜನರ ಮೇಲೆ ಮತ್ತೆ ನಡೆಸಿ 2014ರಲ್ಲಿ ಪ್ರಕಟಿಸಿದವರಿಗೆ ಆ ಪರಿಣಾಮ ಕಾಣಲಿಲ್ಲ. ಆದುದರಿಂದ ಇದನ್ನು ಸಿದ್ಧಾಂತವೆಂದು ಎಣಿಸುವಂತಿಲ್ಲ.

ಅದೇ 2014ರ ಇನ್ನೊಂದು ಅಧ್ಯಯನ ಹೆಚ್ಚು ಆಶಾದಾಯಕವಾಗಿದೆ. ಅಮೆರಿಕದ ಜೂನ್ ಟ್ಯಾಂಗ್ನಿ ಮತ್ತು ಸಂಗಡಿಗರು 476 ಮಂದಿ ಬಂದಿಗಳನ್ನು ಪರಿಶೀಲಿಸಿ, ಬಿಡುಗಡೆಯಾದ ಒಂದು ವರ್ಷದ ಮೇಲೆ ಮತ್ತೆ ವಿಚಾರಿಸಿದರು. ‘ನಾನು ಕೆಟ್ಟವನು’ ಎಂಬ ನಾಚಿಕೆ ಒಂದು. ‘ನಾನು ಮಾಡಿದುದು ಕೆಟ್ಟದ್ದು’ ಎಂಬ ಪಶ್ಚಾತ್ತಾಪ ಇನ್ನೊಂದು. ಎರಡನೆಯ ಭಾವನೆ ಬಲವಾಗಿದ್ದವರು ಮತ್ತೆ ಅಪರಾಧ ಮಾಡುವ ಸಂಭವ ಕಡಿಮೆಯಾಗಿತ್ತು. ನಾಚಿಕೆಯಾದರೋ, ತಪ್ಪನ್ನು ಪರರ ಮೇಲೆ ಹೊರಿಸುವ ಪ್ರವೃತ್ತಿಗೆ ತಿರುಗಿದಾಗ, ಅಪರಾಧದ ಕಡೆಗೇ ಎಳೆಯುತ್ತಿತ್ತು.

ನಮ್ಮ ನಾಡಿನಲ್ಲಿಯೂ ಈ ನಾಟಕವು ಸೆರೆಮನೆಯನ್ನು ಹೊಕ್ಕಿದೆ. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು 1990ರ ದಶಕದ ಕೊನೆಯಿಂದ ಕರ್ನಾಟಕದ ಕಾರಾಗೃಹಗಳ ಬಂದಿಗಳಿಗೆ ನಾಟಕ ಕಲಿಸುತ್ತ ಬಂದರು. ‘ಮ್ಯಾಕ್‌ಬೆತ್’ ಕಥೆಯನ್ನು ಎಚ್. ಎಸ್. ಶಿವಪ್ರಕಾಶರು ಕನ್ನಡಕ್ಕೆ ಅಳವಡಿಸಿದ ‘ಮಾರನಾಯಕ’ವನ್ನು ಆ ಬಂದಿಗಳೇ ಅಭಿನಯಿಸಿದರು. ನಾಟಕದ ರಾಣಿ ತನ್ನ ತಪ್ಪನ್ನು ನಿದ್ರೆಯಲ್ಲಿ ಮಾತ್ರ ನುಡಿಯಬಲ್ಲಳು. ಎಚ್ಚರದಲ್ಲಿ ಅದನ್ನು ಯಾರೆದುರಿಗೂ ಹೇಳಿಕೊಳ್ಳಲಾರಳು. ಈ ನಟರಾದರೋ ಕೊಲೆಯ ಕಥೆಯನ್ನು ಎಚ್ಚರದಲ್ಲಿ, ದೀಪದ ಬೆಳಕಿನಲ್ಲಿ, ಸಭೆಯ ಮುಂದೆ ನಿಂತು ಆಡಿದರು.

ಪ್ರಾಯಶ್ಚಿತ್ತವು ಬರಿಯ ಸ್ನಾನದಿಂದ ಮುಗಿಯದೆಂದು ನಮ್ಮ ಹಿರಿಯರೂ ತಿಳಿದಿದ್ದರು. ಪಶ್ಚಾತ್ತಾಪವನ್ನೂ ದಾನವನ್ನೂ ಅದರೊಡನೆ ಸೇರಿಸಿದರು. ಕೈಯ ಕಲೆಗೆ ತಣ್ಣೀರು ಸಾಕು. ಮನಸ್ಸಿನ ಕಲೆಗೆ ಬೇಕಾದುದು ಎಚ್ಚರದ ಒಪ್ಪಿಗೆ, ಮತ್ತು ಕೆಟ್ಟುದನ್ನು ಸರಿಪಡಿಸುವ ಕೆಲಸ.