ಕೆರೆಯ ದಡದಲ್ಲಿ ಗಾಳ: ಮೀನು ಯಾವ ಎರೆಯನ್ನು ಮೆಚ್ಚುತ್ತದೆ?

ಕಳೆದ ಮುಂಗಾರಿನ ಒಂದು ಭಾನುವಾರ ಸಂಜೆ ಕುಮಾರಸ್ವಾಮಿ ಲೇಔಟಿನ ದಿಣ್ಣೆಯಿಂದ ಇಳಿದು, ಸಮೀಪದ ಕೆರೆಯೊಂದರ ಕಡೆಗೆ ತಿರುಗಾಡಲು ಹೋಗಿದ್ದೆ. ಕೆರೆಯ ಮೀನಿನ ಗುತ್ತಿಗೆ ಹಿಡಿದವರ ಅನುಮತಿ ಪಡೆದು ಅಣ್ಣತಮ್ಮಂದಿರಿಬ್ಬರು ಗಾಳ ಹಾಕುತ್ತಿದ್ದರು. ಅಣ್ಣ ಪೂರ್ವದ ಏರಿಯ ಮೇಲೆ ಗಾಳಿಗೆ ಮುಖವೊಡ್ಡಿ ಕುಳಿತಿದ್ದ. ತಮ್ಮ ಪಶ್ಚಿಮದ ದಡದಲ್ಲಿ ಮರದ ಮರೆಯಲ್ಲಿ ಸುಖವಾಗಿ ನಿಂತಿದ್ದ. ಇಬ್ಬರ ಗಾಳಕ್ಕೂ ಒಂದೇ ಉಂಡೆಯಿಂದ ಮುರಿದ ಎರೆ: ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಅಂಟು ಬರಲು ಸ್ವಲ್ಪ ರಾಗಿ ಹಿಟ್ಟು. ಒಂದು ಗಂಟೆಯೊಳಗೆ ಅಣ್ಣನಿಗೆ ಮೂರು ಮೀನುಗಳು ಸಿಕ್ಕಿದವು. ತಮ್ಮನ ಬೆಂಡು ಅಲುಗಲೇ ಇಲ್ಲ. “ಸಾರ್, ಹಿಟ್ಟೂ ಒಂದೇ, ಗಾಳವೂ ಒಂದೇ, ನನ್ನ ಕೈಗುಣವೇ ಸರಿಯಿಲ್ಲ” ಎಂದು ಅವನು ಬೇಸರಪಟ್ಟುಕೊಂಡ.

ಕೈಗುಣವೆಂಬ ಮಾತನ್ನು ಭೌತಶಾಸ್ತ್ರದ ಅಧ್ಯಾಪಕನು ಸುಲಭವಾಗಿ ಒಪ್ಪಲಾರನಷ್ಟೆ. ಆದುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಗಾಳದ ಮೇಲೆ ಬರೆದ ಇಂಗ್ಲಿಷ್ ಪುಸ್ತಕಗಳನ್ನು ತೆರೆದರೆ ಮೊದಲು ಕಾಣುವುದು ಟ್ರೌಟ್ ಮೀನಿನ ವರ್ಣನೆ. ಅದು ನಮ್ಮ ಕೆರೆಗಳಲ್ಲಿ ಬದುಕಲಾರದು. ಅದಕ್ಕೆ ತಣ್ಣಗಿನ, ಆಮ್ಲಜನಕ ತುಂಬಿದ ನೀರು ಬೇಕು. ಸಮುದ್ರಮಟ್ಟದಲ್ಲಿ ೧೦ ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರು ನೀರು ಸುಮಾರು ೧೧ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ೨೫ ಡಿಗ್ರಿಯಲ್ಲಿ ಸುಮಾರು ೮ ಮಾತ್ರ. ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಕಡಿಮೆಯಾದುದರಿಂದ ಅದರಲ್ಲೂ ಹತ್ತನೆಯ ಒಂದು ಪಾಲು ಕಡಿತ. ಟ್ರೌಟನ್ನು ನೋಡಬೇಕಾದರೆ ನಾವು ನೀಲಗಿರಿಯ ಅವಲಾಂಚಿಯಂಥ ಎತ್ತರದ ಹೊಳೆಗಳಿಗೇ ಹೋಗಬೇಕು. ಆದರೆ ಒಂದು ವಿಷಯದಲ್ಲಿ ಆ ಟ್ರೌಟಿಗೂ ನಮ್ಮ ಕೆರೆಯ ಮೀನಿಗೂ ನೆಂಟಸ್ತಿಕೆಯುಂಟು: ಎರಡನ್ನೂ ಮನುಷ್ಯನೇ ಮರಿಮಾಡಿ ತಂದು ಬಿಟ್ಟಿದ್ದಾನೆ.

ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಬಿಡುವ ಕಾಟ್ಲ, ರೋಹು, ಮೃಗಾಲ್ ಗೆಂಡೆಗಳ ತವರು ಗಂಗೆಯ ಬಯಲು. ಅವು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮಳೆಗಾಲದ ಪ್ರವಾಹ ಬೇಕು. ೧೯೫೭ನೆಯ ಇಸವಿಯ ಜುಲೈ ೧೦ರಂದು ಹೀರಾಲಾಲ್ ಚೌಧುರಿಯವರು ಒರಿಸ್ಸಾದ ಅಂಗುಲಿನಲ್ಲಿ ಮೀನಿನ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚುಮದ್ದಾಗಿ ಕೊಟ್ಟು, ಗೆಂಡೆ ಮೀನುಗಳು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಇಂದು ದೇಶದ ಮೂಲೆಮೂಲೆಯ ಕೆರೆಗಳಿಗೆ ಮರಿ ದೊರೆಯುತ್ತಿರುವುದು ಆ ಯಶಸ್ಸಿನ ಫಲ. ಮರಿಗಳು ಸಾಕಣೆಯ ಕೊಳದಲ್ಲಿ ಬೆಳೆಯುವಾಗ ಅವಕ್ಕೆ ಕೊಡುತ್ತ ಬಂದ ಆಹಾರವಾವುದು ಗೊತ್ತೆ? ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು, ಸಮಪಾಲು. ಹುಡುಗರ ಉಂಡೆಗೆ ಬೆಲೆ ಬರುವುದು ಇಲ್ಲಿ. ಬಾಲ್ಯದಲ್ಲಿ ತಿಂದ ತುತ್ತಿನ ವಾಸನೆಯನ್ನು ಮೀನು ಬೇಗ ಮರೆಯುವುದಿಲ್ಲ. ಸಾಕಿ ಬಿಟ್ಟ ಟ್ರೌಟು ಕೂಡ ಮೊದಮೊದಲು ತನ್ನ ತೊಟ್ಟಿಯ ಗುಳಿಗೆ ಆಹಾರವನ್ನು ಹೋಲುವ ಹಿಟ್ಟಿನ ಎರೆಗೇ ಬೀಳುತ್ತದೆ. ಹುಳುಹುಪ್ಪಟೆಗಳ ರುಚಿ ಅದಕ್ಕೆ ಹತ್ತುವುದು ಆಮೇಲೆ.

ಇನ್ನು ಮೀನಿನ ಬಾಯಿಯನ್ನು ನೋಡಿ. ಕಾಟ್ಲದ ಬಾಯಿ ಮೇಲ್ಮುಖವಾಗಿದೆ. ಅದು ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಕಿವಿರಿನ ಜರಡಿಯಿಂದ ಸೋಸಿ ತಿನ್ನುವ ಮೀನು. ಮೃಗಾಲಿನ ಬಾಯಿ ಕೆಳಮುಖ. ಅದು ತಳದ ಕೆಸರನ್ನು ಕೆದಕುತ್ತದೆ. ರೋಹು ನಡುನೀರಿನದು. ವಿದೇಶದಿಂದ ಬಂದ ಸಾಮಾನ್ಯ ಗೆಂಡೆಯೂ ತಳದ ನಿವಾಸಿ. ಅದರ ಬಾಯಿಯ ಬಳಿ ಎರಡು ಜೊತೆ ಮೀಸೆಗಳಿದ್ದು, ಅವುಗಳ ಮೇಲೆ ರುಚಿಮೊಗ್ಗುಗಳಿವೆ. ಹೀಗಿರುವಾಗ ಗಟ್ಟಿ ಉಂಡೆಯನ್ನು ತಳಕ್ಕೆ ಬಿಟ್ಟು ಕಾಟ್ಲಕ್ಕಾಗಿ ಕಾಯುವವನು, ಮಹಡಿಯ ಮೇಲಿರುವ ನೆಂಟನಿಗೆ ನೆಲಮಾಳಿಗೆಯಲ್ಲಿ ಎಲೆ ಹಾಕಿದಂತೆ. ಕಾಟ್ಲಕ್ಕೆ ಬೆಂಡನ್ನು ಸರಿಸಿ, ಬೇಗ ಪುಡಿಯಾಗಿ ಮೋಡದಂತೆ ಹರಡುವ ಸಡಿಲ ಹಿಟ್ಟನ್ನು ಮೇಲುನೀರಿನಲ್ಲಿ ತೂಗಬಿಡಬೇಕು. ಮೃಗಾಲಿಗೂ ಸಾಮಾನ್ಯ ಗೆಂಡೆಗೂ ತಳದಲ್ಲಿ ನಿಲ್ಲುವ ಉಂಡೆ ಇಲ್ಲವೆ ಎರೆಹುಳು ಒಳ್ಳೆಯದು. ಥಳಥಳಿಸುವ ತಗಡಿನ ಮೀನು, ಗರಗರ ತಿರುಗುವ ಚಮಚೆ ಮುಂತಾದ ಹುಸಿ ಎರೆಗಳು ಬೇಟೆಯಾಡುವ ಮೀನುಗಳಿಗೇ ಸರಿ. ಅವು ಹೊಳಪನ್ನು ಕಣ್ಣಿನಿಂದಲೂ, ನೀರಿನ ನಡುಕವನ್ನು ಮೈಯುದ್ದಕ್ಕೂ ಇರುವ ಪಾರ್ಶ್ವರೇಖೆಯಿಂದಲೂ ಗ್ರಹಿಸಿ ಎರಗುತ್ತವೆ. ತೌಡು ತಿಂದು ಬೆಳೆದ ರೋಹುವಿನ ಮುಂದೆ ತಗಡನ್ನು ಆಡಿಸುವುದು ಬಹುಮಟ್ಟಿಗೆ ವ್ಯರ್ಥ.

ಆದರೆ ಅಣ್ಣತಮ್ಮಂದಿರ ಎರೆ ಒಂದೇ ಆಗಿತ್ತು. ಇಬ್ಬರೂ ಅದನ್ನು ತಳಕ್ಕೇ ಬಿಟ್ಟಿದ್ದರು. ವ್ಯತ್ಯಾಸವೆಲ್ಲಿ?

ಎರೆ ಬಾಯಿಗೆ ಬೀಳುವ ಮೊದಲು ಅದರ ವಾಸನೆ ಮೀನಿನ ಮೂಗನ್ನು ಮುಟ್ಟಬೇಕು. ಹಿಂಡಿಯಿಂದ ಕರಗಿ ಬರುವ ಅಮೈನೋ ಆಮ್ಲಗಳಂಥ ವಸ್ತುಗಳನ್ನು ಮೀನು ಅತ್ಯಲ್ಪ ಪ್ರಮಾಣದಲ್ಲೂ ಗುರುತಿಸಬಲ್ಲದು. ಆದರೆ ನಿಶ್ಚಲವಾದ ನೀರಿನಲ್ಲಿ ವಾಸನೆ ಎಷ್ಟು ಬೇಗ ಹರಡೀತು? ಇಂಥ ಸಣ್ಣ ಅಣುಗಳ ವಿಸರಣ ಗುಣಾಂಕವು ಸೆಕೆಂಡಿಗೆ ಸುಮಾರು ನೂರು ಕೋಟಿಯಲ್ಲಿ ಒಂದು ಚದರ ಮೀಟರು. ದೂರದ ವರ್ಗವನ್ನು ಈ ಗುಣಾಂಕದ ಎರಡರಷ್ಟರಿಂದ ಭಾಗಿಸಿದರೆ ಬೇಕಾಗುವ ಕಾಲದ ಸ್ಥೂಲ ಅಂದಾಜು ದೊರೆಯುತ್ತದೆ. ಒಂದು ಸೆಂಟಿಮೀಟರಿಗೆ ೫೦,೦೦೦ ಸೆಕೆಂಡು, ಅಂದರೆ ಸುಮಾರು ೧೪ ಗಂಟೆ! ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು. ಹತ್ತು ಸೆಂಟಿಮೀಟರು ದಾಟಲು ಸುಮಾರು ಎರಡು ತಿಂಗಳು. ಅಷ್ಟರಲ್ಲಿ ಎರೆಯೂ ಇರದು, ಗಾಳ ಹಾಕಿದವನ ತಾಳ್ಮೆಯೂ ಇರದು. ಆದುದರಿಂದ ವಾಸನೆಯನ್ನು ಹೊತ್ತೊಯ್ಯುವುದು ವಿಸರಣವಲ್ಲ, ನೀರಿನ ಹರಿವು. ನಿಂತಂತೆ ಕಾಣುವ ಕೆರೆಯಲ್ಲಿ ಹರಿವನ್ನು ಹುಟ್ಟಿಸುವುದು ಮುಖ್ಯವಾಗಿ ಗಾಳಿ.

ಗಾಳಿ ಬೀಸಿದಾಗ ಮೇಲ್ಪದರದ ನೀರು ಗಾಳಿಯ ವೇಗದ ನೂರಕ್ಕೆ ಎರಡು ಮೂರು ಪಾಲು ವೇಗದಿಂದ ಅದರೊಡನೆಯೇ ಸರಿಯುತ್ತದೆ. ಮುಂಗಾರಿನಲ್ಲಿ ಬೆಂಗಳೂರಿನ ಗಾಳಿ ಪಶ್ಚಿಮ ದಿಕ್ಕಿನದು. ಹಾಗೆ ಸರಿದ ನೀರು ಪೂರ್ವದ ದಡವನ್ನು ಮುಟ್ಟಿದ ಮೇಲೆ ಎಲ್ಲಿಗೆ ಹೋಗಬೇಕು? ಅಲ್ಲಿಯೇ ರಾಶಿ ಬೀಳಲಾರದು. ಕೆಳಗಿಳಿದು ತಳದ ಕಡೆಯಿಂದ ಪಶ್ಚಿಮಕ್ಕೆ ಹಿಂತಿರುಗುತ್ತದೆ. ಪೂರ್ವದ ದಡದಲ್ಲಿದ್ದ ಅಣ್ಣನ ಎರೆಯ ವಾಸನೆಯನ್ನು ಈ ತಳದ ಹರಿವು ಕೆರೆಯ ನಡುವಿಗೆ, ಮೀನುಗಳಿದ್ದೆಡೆಗೆ, ಹೊತ್ತೊಯ್ಯಿತು. ತಮ್ಮನ ಎರೆಯ ವಾಸನೆಯನ್ನು ಅದೇ ಹರಿವು ಅವನ ಕಾಲಬುಡದ ದಡಕ್ಕೇ ತಂದು ಸುರಿಯಿತು. ಅಲ್ಲದೆ ಮೇಲುನೀರಿನಲ್ಲಿ ತೇಲುವ ಆಹಾರವೂ ಗಾಳಿಯೊಡನೆ ಬಂದು ಪೂರ್ವದ ದಡದಲ್ಲೇ ಸೇರುವುದರಿಂದ ಮೀನೂ ಅತ್ತ ಬರುವುದು ಸಹಜ. ಅಡ್ಡಾದಿಡ್ಡಿ ಆಳವಿರುವ ಕೆರೆಯಲ್ಲಿ ಹರಿವಿನ ದಾರಿ ಇಷ್ಟು ಸರಳವಾಗಿರದು ನಿಜ. ಆದರೂ ಮರದ ಮರೆಯ ಸುಖಕ್ಕೆ ತಮ್ಮ ತೆತ್ತ ಬೆಲೆ ಇದೇ ಎಂದು ನನ್ನ ಎಣಿಕೆ.

ಸಂದೇಹವಿದ್ದವರು ಮನೆಯಲ್ಲೇ ಪರೀಕ್ಷಿಸಬಹುದು. ಉದ್ದನೆಯ ಗಾಜಿನ ತೊಟ್ಟಿಯಲ್ಲಿ ಒಂದು ಗೇಣು ನೀರು ತುಂಬಿ, ಅದು ಪೂರ್ತಿ ನಿಶ್ಚಲವಾದ ಮೇಲೆ ತಳಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಹರಳನ್ನು ಬಿಡಿ. ಒಂದು ಕಡೆಯಿಂದ ಮೇಜಿನ ಬೀಸಣಿಗೆಯ ಗಾಳಿ ನೀರಿನ ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿ. ಮೇಲೆ ಹಾಕಿದ ಕಾಗದದ ಚೂರು ಗಾಳಿಯೊಡನೆ ಹೋದರೆ, ತಳದ ನೇರಳೆ ಗೆರೆ ಬೀಸಣಿಗೆಯ ಕಡೆಗೇ ಚಾಚಿಕೊಳ್ಳುವುದು ಕಾಣುತ್ತದೆ.

ತಮ್ಮನಿಂದ ಇನ್ನೂ ಒಂದು ತಪ್ಪು ನಡೆದಿತ್ತು: ಅವನು ನಿಂತಿದ್ದ. ನೀರೊಳಗಿನ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ನೀರಿನ ವಕ್ರೀಭವನಾಂಕ ೧.೩೩; ಇದರಿಂದ ಕ್ರಾಂತಿಕೋನ ಸುಮಾರು ೪೮.೮ ಡಿಗ್ರಿ. ಈ ಕೋನದ ಆಚೆಗೆ ನೋಡಿದರೆ ಪೂರ್ಣ ಆಂತರಿಕ ಪ್ರತಿಫಲನದಿಂದ ಕೆರೆಯ ತಳವೇ ಕಾಣುವುದು. ದಿಗಂತದಿಂದ ೧೦ ಡಿಗ್ರಿ ಎತ್ತರದ ಕಿರಣವು ನೀರಿಗಿಳಿದಾಗ ಲಂಬದೊಡನೆ ೪೭.೮ ಡಿಗ್ರಿ ಕೋನ ಮಾಡುತ್ತದೆ. ಎಂದರೆ ಹೊರಗಿನ ಕೆಳಗಿನ ಹತ್ತು ಡಿಗ್ರಿಯ ದೃಶ್ಯವೆಲ್ಲ ಕಿಟಕಿಯ ಅಂಚಿನ ಒಂದೇ ಡಿಗ್ರಿಯಲ್ಲಿ ಮುದುಡಿ, ಮಸುಕಾಗಿ ಅಡಗಿರುತ್ತದೆ. ಒಂಬತ್ತು ಮೀಟರು ದೂರದ ಮೀನಿಗೆ ೧.೬ ಮೀಟರು ಎತ್ತರದ ಮನುಷ್ಯನ ನೆತ್ತಿ ಸರಿಯಾಗಿ ಈ ಎಲ್ಲೆಯಲ್ಲಿರುತ್ತದೆ. ಕುಳಿತರೆ ಅವನು ಕಾಣದವನಂತೆಯೇ. ಇನ್ನೂ ಹತ್ತಿರದ ಮೀನಿಗೆ ನಿಂತವನು ಎದ್ದು ಕಾಣುತ್ತಾನೆ.

ಮಾತನಾಡಬಾರದೆಂಬ ಹಿರಿಯರ ಕಟ್ಟಳೆಗೆ ಮಾತ್ರ ಅಷ್ಟು ಆಧಾರವಿಲ್ಲ. ಗಾಳಿಯಿಂದ ನೀರಿಗೆ ದಾಟುವ ಶಬ್ದಶಕ್ತಿ ಸಾವಿರಕ್ಕೆ ಒಂದು ಪಾಲಷ್ಟೆ. ಮಿಕ್ಕುದೆಲ್ಲ ನೀರಿನ ಮೈಯಿಂದ ಪ್ರತಿಫಲಿಸಿಹೋಗುತ್ತದೆ. ಆದರೆ ದಡದ ಮೇಲೆ ಕಾಲು ಅಪ್ಪಳಿಸಿದರೆ ನಡುಕ ನೆಲದ ಮೂಲಕವೇ ನೀರಿಗಿಳಿಯುತ್ತದೆ. ಗೆಂಡೆಗಳಿಗೆ ಗಾಳಿಚೀಲದಿಂದ ಒಳಗಿವಿಗೆ ಶಬ್ದವನ್ನು ಸಾಗಿಸುವ ಪುಟ್ಟ ಮೂಳೆಗಳ ಸರಣಿಯೇ ಇರುವುದರಿಂದ ಅವುಗಳ ಶ್ರವಣ ಟ್ರೌಟಿಗಿಂತ ತೀಕ್ಷ್ಣ. ಹರಟೆ ಹೊಡೆಯಬಹುದು, ಕುಣಿಯಬಾರದು.

ಮೀನನ್ನು ಸೆಳೆಯಲೆಂದು ಬುಟ್ಟಿಗಟ್ಟಲೆ ಹಿಂಡಿಯನ್ನೋ ಬ್ರೆಡ್ಡನ್ನೋ ಕೆರೆಗೆ ಸುರಿಯುವವರೂ ಉಂಟು. ತಿನ್ನದೆ ಉಳಿದುದು ಕೊಳೆಯುವಾಗ ಆಮ್ಲಜನಕವನ್ನು ನುಂಗುತ್ತದೆ. ನಮ್ಮ ನಗರದ ಕೆರೆಗಳಲ್ಲಿ ಆ ಬಂಡವಾಳ ಮೊದಲೇ ಕಡಿಮೆ; ೨೦೧೬ರ ಮಾರ್ಚಿಯಲ್ಲಿ ಹಲಸೂರು ಕೆರೆಯ ದಡದ ತುಂಬ ಸತ್ತ ಮೀನು ತೇಲಿದುದನ್ನು ಬೆಂಗಳೂರಿನವರು ಕಂಡಿದ್ದಾರೆ. ಗಾಳದ ಮೊನೆ ಮುಚ್ಚುವಷ್ಟು ಎರೆ, ಸುತ್ತ ಉದುರಿಸಲು ಒಂದು ಚಿಟಿಕೆ: ಅಷ್ಟು ಸಾಕು.

ಎರೆಯೆಂದಾಗ ಕಾವೇರಿಯ ರಾಗಿ ಮುದ್ದೆಯನ್ನು ಬಿಡುವಂತಿಲ್ಲ. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಮಹಶೀರ್ ಮೀನಿಗೆ ಬೇಯಿಸಿದ ರಾಗಿಯ ಗಟ್ಟಿ ಉಂಡೆಯೇ ಪ್ರಸಿದ್ಧ ಎರೆಯಾಗಿತ್ತು; ಸೆಳವಿನಲ್ಲಿ ಕರಗದಂತೆ, ಪುಡಿಮೀನುಗಳು ಕಚ್ಚಿ ಮುಗಿಸದಂತೆ ಅದನ್ನು ಬೇಯಿಸುತ್ತಿದ್ದರು. ಹಿಡಿದ ಮೀನನ್ನು ಅಳೆದು ಮತ್ತೆ ನೀರಿಗೆ ಬಿಡುವುದು ಅಲ್ಲಿಯ ಪದ್ಧತಿಯಾಗಿತ್ತು. ಗಾಳಿಬೋರೆಯಲ್ಲಿ ೧೯೯೮ರಿಂದ ೨೦೧೨ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಒಂದು ಸಂಗತಿ ಹೊರಬಿತ್ತು. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ವರ್ಷವರ್ಷಕ್ಕೂ ಹೆಚ್ಚುತ್ತಿತ್ತು; ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕಡಿಮೆಯಾಗುತ್ತಿತ್ತು. ಸಿಕ್ಕ ಗೂನುಬೆನ್ನಿನ ಮೀನುಗಳು ದೊಡ್ಡದೊಡ್ಡವೇ, ಮರಿಗಳು ಕಾಣದಾಗಿದ್ದವು. ಗಾಳಗಾರರು ಬಹುಕಾಲದಿಂದ ಬಲ್ಲ ಈ ಮೀನು ಟಾರ್ ರೇಮಾದೇವಿ ಎಂಬ ಜಾತಿಯೇ ಎಂದು ಖಚಿತವಾದುದು ೨೦೧೮ರಲ್ಲಿ. ಅದೇ ವರ್ಷ ಅದನ್ನು ಅತ್ಯಂತ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೂ ಸೇರಿಸಲಾಯಿತು.

ಇದನ್ನು ಹೇಳಿದಾಗ ಅಣ್ಣ ತನ್ನ ಮೂರು ಮೀನುಗಳನ್ನು ಮತ್ತೊಮ್ಮೆ ಎಣಿಸಿದ. ಎರಡು ಮೃಗಾಲ್, ಒಂದು ಸಾಮಾನ್ಯ ಗೆಂಡೆ. ತಮ್ಮ ಶಾಲೆಯ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾಂಕ, ಗಾಳಿಯ ದಿಕ್ಕು, ದಡ, ಎರೆ, ಆಳ ಎಂದು ಗೆರೆ ಎಳೆದು, ತನ್ನ ಹೆಸರಿನ ಮುಂದೆ ಸೊನ್ನೆ ಬರೆದುಕೊಂಡ. ಆ ಸೊನ್ನೆಯನ್ನೂ ಬರೆಯಬೇಕೆಂದು ನಾನೇ ಹೇಳಿದ್ದೆ. ಮುಂದಿನ ಭಾನುವಾರ ಅವರು ದಡಗಳನ್ನು ಅದಲುಬದಲು ಮಾಡಿಕೊಳ್ಳುವುದೆಂದು ಗೊತ್ತಾಯಿತು.