ಸುಂಕದಕಟ್ಟೆಯಿಂದ ಸುಂಕ ಹೊರಟ ದಾರಿ

ಬಸವೇಶ್ವರನಗರದಿಂದ ಮಾಗಡಿ ರಸ್ತೆಗೆ ಬಂದರೆ ಪೂರ್ವಕ್ಕೆ ಟೋಲ್‌ಗೇಟ್, ಪಶ್ಚಿಮಕ್ಕೆ ಸುಂಕದಕಟ್ಟೆ. ಈಗ ಎರಡೂ ಬಸ್ ಸ್ಟಾಪಿನ ಹೆಸರುಗಳು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಮಾತ್ರ ಇನ್ನೂ ನಮ್ಮ ಬಾಯಲ್ಲಿದೆ. ಬಡಾವಣೆಗೆ ಹೆಸರಾದ ಬಸವಣ್ಣನವರನ್ನು ನೆನೆಯುವಾಗ ಶರಣರಲ್ಲಿ ಸುಂಕದ ಬಂಕಣ್ಣ ಎಂಬುವರೂ ಇದ್ದರೆಂಬುದು ನೆನಪಾಗುತ್ತದೆ. ಸುಂಕ ವಸೂಲಿಯೇ ಅವರ ಕಾಯಕ.

ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕು ಎಂದು ಸಂವಿಧಾನದ 301ನೇ ವಿಧಿ ಹೇಳಿತು. ಆದರೂ ಊರಬಾಗಿಲಲ್ಲಿ ಆಕ್ಟ್ರಾಯ್ ಉಳಿದೇ ಇತ್ತು. ಲಾರಿ ನಿಲ್ಲಬೇಕು, ಚಲನ್ ತೋರಿಸಬೇಕು, ದುಡ್ಡು ಕಟ್ಟಬೇಕು. 1979ರಲ್ಲಿ ಕರ್ನಾಟಕ ಅದನ್ನು ತೆಗೆದು ಪ್ರವೇಶ ತೆರಿಗೆ ತಂದಿತು. ಲಾರಿಯವರು ಉಸಿರುಬಿಟ್ಟರು, ಊರಾಳುವ ಸಂಸ್ಥೆಗಳು ಮಾತ್ರ ಕೈಗೆ ಬರುತ್ತಿದ್ದ ಕಾಸನ್ನು ಬಿಟ್ಟುಕೊಟ್ಟು, ಪರಿಹಾರಕ್ಕೆ ವಿಧಾನಸೌಧದ ಕಡೆ ನೋಡುವಂತಾಯಿತು.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ರಾಜ್ಯವೇ ಆ ಸ್ಥಾನದಲ್ಲಿ ನಿಂತಿತು. ಪ್ರವೇಶ ತೆರಿಗೆ, ವ್ಯಾಟ್, ಅಂತರರಾಜ್ಯ ವ್ಯಾಪಾರದಲ್ಲಿ ವರ್ತಕರ ನಿದ್ದೆ ಕೆಡಿಸುತ್ತಿದ್ದ ಸಿ ಫಾರಂ ಎಲ್ಲ ಒಂದೇ ಹೊಳೆಗೆ ಸೇರಿದವು. ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಕಾಮಾಕ್ಷಿಪಾಳ್ಯದ ಶೆಡ್ಡಿನಿಂದ 50 ಸಾವಿರ ರೂಪಾಯಿಗೆ ಮೇಲ್ಪಟ್ಟ ಬಿಡಿಭಾಗ ಕೇರಳಕ್ಕೆ ಹೊರಟರೆ ಚಾಲಕನ ಬಳಿ 12 ಅಂಕಿಯ ಇ-ವೇ ಬಿಲ್ ಸಂಖ್ಯೆ ಇದ್ದರಾಯಿತು. ರಾಜ್ಯದೊಳಗಿನ ಸಾಗಣೆಗೂ ಆ ವ್ಯವಸ್ಥೆಯನ್ನು 2018ರ ಏಪ್ರಿಲ್ 1ರಿಂದ ಮೊದಲು ತಂದದ್ದು ಕರ್ನಾಟಕವೇ.

ಆದರೆ ಆ ಬಿಡಿಭಾಗ ಕೇರಳದಲ್ಲೇ ಬಳಕೆಯಾದರೆ ರಾಜ್ಯದ ಪಾಲಿನ ತೆರಿಗೆಯೂ ಕೇರಳಕ್ಕೇ. ತಯಾರಿಸುವ ರಾಜ್ಯಗಳ ಅಳುಕು ಇದ್ದದ್ದು ಇಲ್ಲಿ. ಅದಕ್ಕೇ ವರ್ಷಕ್ಕೆ ಶೇ 14ರ ಬೆಳವಣಿಗೆ ಲೆಕ್ಕ ಹಿಡಿದು ಐದು ವರ್ಷ ನಷ್ಟ ತುಂಬಿಕೊಡುವ ಕಾನೂನು ಮಾಡಿದರು. ಆ ಅವಧಿ 2022ರ ಜೂನ್‌ಗೆ ಮುಗಿಯಿತು. ಜಿಎಸ್‌ಟಿ ಮಂಡಳಿಯಲ್ಲಿ ಮೂರನೇ ಒಂದು ಪಾಲು ಮತಬಲ ಕೇಂದ್ರದ್ದು. ನಿರ್ಣಯಕ್ಕೆ ಮುಕ್ಕಾಲು ಬೇಕು. ಅಂದರೆ ಕೇಂದ್ರ ಒಪ್ಪದೆ ಏನೂ ಆಗದು. ಸಂಗ್ರಹದಲ್ಲಿ ಮಹಾರಾಷ್ಟ್ರದ ನಂತರ ನಿಲ್ಲುವ ಕರ್ನಾಟಕಕ್ಕೂ ಪುಟ್ಟ ಸಿಕ್ಕಿಂಗೂ ಒಂದೇ ತೂಕ. ಸಿಕ್ಕಿಂನ ಮಾತಿಗೆ ಬೆಲೆ ಇರಲೇಬೇಕು. ನನಗೆ ನೋವಾಗುವುದು ಕೇಂದ್ರದ ತೂಕ ಕಂಡು.

1834ರಲ್ಲಿ ಜರ್ಮನ್ ರಾಜ್ಯಗಳು ಸುಂಕ ಒಕ್ಕೂಟ ಕಟ್ಟಿದಾಗ ಪ್ರಷ್ಯಾ ದೊಡ್ಡಣ್ಣನಾಗಿತ್ತು. ಆದರೂ ಸುಂಕದ ಹಣವನ್ನು ಜನಸಂಖ್ಯೆಗೆ ತಕ್ಕಂತೆ ಹಂಚಿಕೊಂಡರು. ಒಂದು ರಾಜ್ಯ ಬೇಡವೆಂದರೂ ನಿರ್ಣಯ ನಿಲ್ಲುತ್ತಿತ್ತು.

ನಮ್ಮಲ್ಲಿ ಪೆಟ್ರೋಲ್, ಡೀಸೆಲ್, ಮದ್ಯವನ್ನು ರಾಜ್ಯಗಳು ಜಿಎಸ್‌ಟಿಯ ಹೊರಗೇ ಇಟ್ಟುಕೊಂಡಿವೆ. ಯಾರ ಅಪ್ಪಣೆಯೂ ಇಲ್ಲದೆ ಸರಕಿನ ಮಾರಾಟದ ಮೇಲೆ ತಾವೇ ತೆರಿಗೆ ದರ ಕಟ್ಟಬಹುದಾದ ದೊಡ್ಡ ಬಾಬ್ತುಗಳಲ್ಲಿ ಅವರಿಗೆ ಉಳಿದಿರುವುದು ಅಷ್ಟೇ.